ಗೊಂಬೆಯಜ್ಜಿಯ ಸೆರಗು

ದೇವರ ದಯೆ, ಆ ಸಂಜೆ ಕರೆಂಟು ಹೋಗಲಿಲ್ಲ. ನಮ್ಮ ಸದಾಶಿವ ಪೇಠೆಯ ಹಳೇ ವಠಾರದಂಥ ವಾಡೆಯಲ್ಲೇ ಬಾಡಿಗೆಗಿದ್ದು, ಆಮೇಲೆ ಟಿವಿಯಲ್ಲಿ ಗೊಂಬೆಯಾಡಿಸಿ ಊರ ಮಕ್ಕಳನ್ನೆಲ್ಲ ನಗಿಸಿದ್ದ ಕಲಾವಿದರು ತೀರಿಕೊಂಡಿದ್ದರು. ಅವರ ನೆನಪಿಗೆ ಟಿವಿಯವರು ಒಂದು ಗಂಟೆ ಎತ್ತಿಟ್ಟಿದ್ದರು. ಅರ್ಧ ಸಾಬೂನಿನ ಜಾಹೀರಾತಿಗೆ, ಉಳಿದರ್ಧ ಅವರಿಗೆ. ದೇವರಿಗೆ ದೀಪ ಹಚ್ಚಿ ನಾನೂ ಯಜಮಾನರೂ ಕೂತೆವು.

ನನಗೆ ನೋಡಬೇಕಿದ್ದದ್ದು ಒಂದೇ, ಅವರ ಅಜ್ಜಿಗೊಂಬೆಯ ಇಳಕಲ್ ಸೀರೆ. ಅದು ನನ್ನ ಅವ್ವನದು. ಅವ್ವ ಹೋದ ಮೇಲೆ ಅಕ್ಕಂದಿರು ಒಳ್ಳೆಯ ಸೀರೆಗಳ ಭಾರವನ್ನು ತಾವೇ ಹೊತ್ತುಕೊಂಡು, ಹರಿದದ್ದೊಂದನ್ನು ಪ್ರೀತಿಯಿಂದ ನನಗೆ ಬಿಟ್ಟಿದ್ದರು. ಗೊಂಬೆಗೆ ಬಟ್ಟೆ ಬೇಕೆಂದು ಆ ಕಲಾವಿದರು ಕೇಳಿದಾಗ ಅದನ್ನೇ ಕೊಟ್ಟೆ.

“ಒಂದ ಮಾತ್ರಿ,” ಎಂದಿದ್ದೆ. “ನಮ್ಮವ್ವ ಗಂಡಸರ ಮುಂದ ತಲೀ ಮ್ಯಾಲೆ ಸೆರಗಿಲ್ಲದ ನಿಂತಾಕಿ ಅಲ್ಲ. ನಿಮ್ಮ ಗೊಂಬಿನೂ ನಿಲ್ಲಬಾರದು.”

ಅವರು ಮರಾಠಿಯವರಾದರೂ ಸೊಲ್ಲಾಪುರದ ಕಡೆಯವರು, ನಮ್ಮ ಕನ್ನಡ ಬರುತ್ತಿತ್ತು. “ಆಯ್ತ್ರಿ ವೈನಿ. ಅವ್ವಾರ ಮರ್ಯಾದಿ ನನ್ನ ಕಡೆ ಇರಲಿ.”

ಅಂದಿನಿಂದ ಆಟದಲ್ಲಿ ಪೋಲೀಸ ಬಂದರೂ, ಹಾಲಿನವ ಬಂದರೂ, ಕೊನೆಗೆ ಗಂಡು ಬೆಕ್ಕು ಬಂದರೂ ಅಜ್ಜಿ ಸರಕ್ಕನೆ ಸೆರಗೆಳೆದುಕೊಳ್ಳುವಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಕಾರ್ಯಕ್ರಮ ಶುರುವಾಯಿತು. ನಿರೂಪಕಿ ಪ್ರತಿ ಜಾಹೀರಾತಿಗೆ ಮುಂಚೆ ಅತ್ತು, ಮುಗಿದ ಮೇಲೆ ಹೊಸ ಪೌಡರಿನೊಂದಿಗೆ ಮರಳುತ್ತಿದ್ದಳು. ಕಲಾವಿದರು ಅಭ್ಯಾಸಕ್ಕೆ ಕೂತಾಗಲೆಲ್ಲ ಗೋಡೆಗೆ ಲಟ್ಟಣಿಗೆ ಕುಟ್ಟುತ್ತಿದ್ದ, ನಾವೆಲ್ಲ ಕಾಕು ಎಂದು ಕರೆಯುವ ಪಕ್ಕದ ಮನೆಯ ಹೆಂಗಸು ಟಿವಿಯಲ್ಲಿ ಕಣ್ಣೊರೆಸಿಕೊಂಡು, ಅವರು ನಮ್ಮ ಮನೆಯವರಂತೆಯೇ ಇದ್ದರು ಎಂದರು. ಪುಣ್ಯಕ್ಕೆ ಲಟ್ಟಣಿಗೆ ತಂದಿರಲಿಲ್ಲ. ಆಮೇಲೊಬ್ಬ ಪಂಡಿತರು, ಆ ಸೆರಗೆಳೆಯುವ ಭಂಗಿ ಜಾನಪದದ ದೀರ್ಘ ಅಧ್ಯಯನದ ಫಲ ಎಂದರು.

“ನಿನ್ನ ಕಡೇನೇ ಅಧ್ಯಯನಕ್ಕ ಬಂದಿದ್ರೇನು?” ಎಂದರು ಯಜಮಾನರು.

“ಸುಮ್ಮನ ನೋಡ್ರಿ!”

ಕೊನೆಗೆ ಅಜ್ಜಿಗೊಂಬೆ ಬಂದಳು. ಬಂದದ್ದು ಮುಖ ಮಾತ್ರ. ಕುತ್ತಿಗೆಯ ಕೆಳಗೆಲ್ಲ ಜಾಹೀರಾತಿನ ಪಟ್ಟಿ: ಹಬ್ಬಕ್ಕೆ ಹೊಸ ಸೀರೆಗಳ ಭಾರೀ ಮಾರಾಟ!

“ಅಯ್ಯ, ನಮ್ಮವ್ವನ ಸೀರಿನೇ ಕಾಣವಲ್ದಲ್ರಿ!”

ಯಜಮಾನರು ಎದ್ದು, ಸಹಾಯ ಮಾಡಲೇಬೇಕೆಂದು, ಟಿವಿಯ ತಲೆಗೆ ಎರಡು ಬಾರಿಸಿದರು. ಪಟ್ಟಿ ಅಲುಗಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಪರದೆಯ ಬದಿಯಿಂದ ಪೋಲೀಸ್ ಗೊಂಬೆ ಮೀಸೆ ತಿರುವುತ್ತ ಬಂದ. ಅಜ್ಜಿಯ ಕೈ ಮೇಲೆದ್ದಿತು. ಪಟ್ಟಿಯನ್ನು ದಾಟಿ ಅವ್ವನ ಕೆಂಪು ಸೆರಗು, ನೇಯ್ದ ಬಿಳಿ ತೆನೆಗಳ ಸಮೇತ, ಸರಕ್ಕನೆ ತಲೆಯೇರಿತು.

“ಕಂಡ್ತೇನು?” ಎಂದರು ಯಜಮಾನರು.

“ಕಂಡ್ತ್ರಿ.”

ಕೂತಲ್ಲಿಂದಲೇ ಕೈ ಮುಗಿದೆ, ಮೊದಲು ದೇವರಿಗೆ, ಆಮೇಲೆ ಆ ಪೋಲೀಸನಿಗೆ.