ಗಡಿಮರಕ್ಕೆ ಬಳಿದ ಸುಣ್ಣ

ಮೃತ್ಯುಂಜಯನನ್ನು ಮೊದಲ ಸಲ ಕಂಡಾಗ ನನ್ನ ಮನಸ್ಸು ಕಟ್ಟಿದ ದರ ತೀರಾ ಕಡಿಮೆ. ಕಾಳುಮೆಣಸಿನ ವ್ಯಾಪಾರಿ ನಾನು. ಒಂದು ಹಿಡಿ ಅಂಗೈಗೆ ಹಾಕಿ ಊದಿದರೆ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಗೊತ್ತಾಗುತ್ತದೆ. ಈ ಆಸಾಮಿ ಊದುವ ಮೊದಲೇ ಹಾರಿಹೋಗುವ ಸರಕು ಅನ್ನಿಸಿತು. ಕಡ್ಡಿ ಕಾಲು, ನುಂಗಿಕೊಂಡ ದನಿ, ಯಾರಾದರೂ ಜೋರಾಗಿ ಕೆಮ್ಮಿದರೂ ಬಾಗಿಲ ಕಡೆ ತಿರುಗುವ ಕಣ್ಣು. ಕೈ ಮಾತ್ರ ಮೈಗೆ ಹೊಂದದಷ್ಟು ದಪ್ಪ. ಆ ಕೈಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೆಗ್ಗದ್ದೆಯಲ್ಲಿ ಅವನಿಗೆ ಮೂರೆಕರೆ ತೋಟ. ಬೇಲಿಯಾಚೆ ದೊಡ್ಡಪ್ಪನ ಮಗ ವೀರಭದ್ರಯ್ಯ. ಆ ಮನೆತನದಲ್ಲಿ ತೋಟದ ಜೊತೆ ಸಿಟ್ಟೂ ಪಾಲಾಗಿತ್ತು. ಮೃತ್ಯುಂಜಯನ ಅಪ್ಪ ಸಾಯುವಾಗ ಒಂದೇ ಕಿವಿ ಉಳಿದಿತ್ತು; ಇನ್ನೊಂದನ್ನು ಅಣ್ಣನ ಕತ್ತಿ ತೆಗೆದುಕೊಂಡಿತ್ತು. ಮಕ್ಕಳ ಕಾಲಕ್ಕೆ, ವೀರಭದ್ರಯ್ಯ ಹಂದಿಗೆಂದು ಇಟ್ಟ ಸಿಡಿಮದ್ದು ಇವನ ನಾಯಿಯ ದವಡೆ ಹಾರಿಸಿತು. ಹಂದಿ ಇವನ ಹಿತ್ತಲ ಬಾಗಿಲಿಗೇ ಬರುತ್ತದೆಂದು ಅವನಿಗೆ ಯಾರು ಹೇಳಿದ್ದರೋ! ಮರುವರ್ಷ ಕಣದಲ್ಲಿದ್ದ ಕಾಫಿಗೆ ಬೆಂಕಿ. ಆಮೇಲೆ ಇವನ ಬೆನ್ನಿಗೆ ಗುದ್ದಲಿ ಕಾವು. ಇವನು ಒಂದಕ್ಕೂ ತಿರುಗಿ ಹೊಡೆದವನಲ್ಲ.

"ಹೊಡೆಯೋಕೆ ಬರಲ್ವೇನೋ ಮಾರಾಯ?" ಅಂತ ಒಮ್ಮೆ ಕೆಣಕಿದೆ.

"ಬತ್ತೈತೆ ಸಾವ್ಕಾರ್ರೇ. ನಿಲ್ಸೋಕೆ ಬರಲ್ಲ."

ಹೈಸ್ಕೂಲಿನಲ್ಲಿ ಒಬ್ಬನಿಗೆ ಹೊಡೆಯಲು ಶುರುಮಾಡಿದ್ದನಂತೆ. ನಾಲ್ಕು ಜನ ಹಿಡಿದೆಳೆದ ಮೇಲೂ ಇವನ ಕೈ ಗಾಳಿಗೆ ಗುದ್ದುತ್ತಲೇ ಇತ್ತಂತೆ. ಅವತ್ತಿನಿಂದ ಅವನಿಗೆ ದಾಯಾದಿಗಿಂತ ತನ್ನ ಕೈಯದೇ ಭಯ.

ತೊಂಬತ್ತೊಂಬತ್ತರಲ್ಲಿ ತಾಂಜಾನಿಯಾದ ಒಂದು ಕಾಫಿ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರ್ ಬೇಕೆಂದು ಕರೆ ಬಂತು. ಹೆಂಡತಿ ನೇತ್ರಾವತಿಯೂ ಒಪ್ಪಿದಳು. ಸಂಬಳ ಏನೂ ಹೆಚ್ಚಿಲ್ಲ ಅಂತ ಅವನು ಅಂದಾಗ ನನಗೆ ನಗು ಬಂತು.

"ಮತ್ಯಾಕೋ ಹೋಗ್ತೀಯ?"

"ಒಂದು ಕೋಣೆ, ಎರಡು ಪಾತ್ರೆ, ಒಂದು ನಾಯಿ. ಬೆಳಗ್ಗೆ ಎದ್ದು ಯಾವ ಬೇಲಿ ಎಲ್ಲಿಗೆ ಸರೀತು ಅಂತ ನೋಡೋದು ಬ್ಯಾಡ. ಅಷ್ಟೇ ಸಾಕು."

"ಅಷ್ಟಕ್ಕೆ ವಿಮಾನ ಯಾಕೆ? ಬಿಸಿಲೆ ಕಾಡಲ್ಲಿ ಹೋಗಿ ಕೂತ್ಕೊ. ಬಸ್ ಚಾರ್ಜಲ್ಲಿ ಮುಗೀತದೆ."

"ಬಿಸಿಲೆ ಬಸ್ಸು ವೀರಭದ್ರಣ್ಣಂಗೂ ಸಿಗ್ತೈತೆ ಕಣ್ರೀ," ಅಂದ.

ಪಾಸ್‌ಪೋರ್ಟಿಗೆ ಪೊಲೀಸರ ವಿಚಾರಣೆ ಬಾಕಿ ಇತ್ತು. ಒಂದು ಏಟು, ಒಂದು ಕೇಸು ಆದರೆ ಸಾಕು, ಅವನು ಹೆಗ್ಗದ್ದೆಯಲ್ಲೇ ಕೊಳೆಯಬೇಕು. ಅದಕ್ಕೇ ಬೇಲಿ ಹತ್ತಿರವೂ ಸುಳಿಯದೆ, ಬಳ್ಳಿಯ ಮೇಲಿದ್ದ ಮೆಣಸನ್ನೆಲ್ಲ ನನಗೆ ಗುತ್ತಿಗೆ ಕೊಟ್ಟ.

ಗುತ್ತಿಗೆ ಹಿಡಿದ ಮರಕ್ಕೆ ಸುಣ್ಣದ ಗೆರೆ ಎಳೆಯುವುದು ನಮ್ಮ ಪದ್ಧತಿ. ಕೊಯ್ಯುವವರು ಗುರುತು ನೋಡಿ ಏಣಿ ಇಡುತ್ತಾರೆ. ಬೇಲಿಯ ಮೇಲೇ ಒಂದು ಹಳೇ ಸಿಲ್ವರ್ ಓಕ್ ಮರವಿತ್ತು. ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಯಾರದೆಂದು ತೀರ್ಮಾನವಾಗದೆ, ಎರಡೂ ಮನೆಯವರು ಹನ್ನೊಂದು ವರ್ಷದಿಂದ ಮುಟ್ಟಿರಲಿಲ್ಲ. "ಆ ಮರ ಬುಟ್ಬುಡಿ," ಅಂತ ಅವನು ಎರಡು ಸಲ ಹೇಳಿದ. ಮರದ ತುಂಬ ಜೋತಾಡುವ ಗೊಂಚಲು. ಅವನು ಅತ್ತ ತಿರುಗಿದಾಗ ನಾನು ಇತ್ತ ಗೆರೆ ಎಳೆದುಬಿಟ್ಟೆ.

ಮಾರನೇ ದಿನ ಬೆಳಗ್ಗೆ ಕೊಯ್ಲಿನವರನ್ನು ಜೀಪಿನಿಂದ ಇಳಿಸುವಷ್ಟರಲ್ಲಿ ವೀರಭದ್ರಯ್ಯ ಕತ್ತಿ ಹಿಡಿದು ಬೇಲಿ ಮುರಿದುಕೊಂಡೇ ಬಂದ. ಕೈಯ ಹಿಂಬದಿಯಿಂದ ಮೃತ್ಯುಂಜಯನ ಮುಖಕ್ಕೆ ಬಾರಿಸಿದ. ಬಾಯಿಂದ ರಕ್ತ ಇಳಿಯಿತು.

"ಲೇ, ದೇಶ ಬುಟ್ಟು ಹೋಗೋನಿಗೆ ನನ್ನ ಮರ ಯಾಕ್ಲಾ? ಸುಣ್ಣ ಹಚ್ಚಿದ್ದು ಯಾವನು ಬೊಗಳು!"

ಮೃತ್ಯುಂಜಯ ಮರ ನೋಡಿದ. ಆಮೇಲೆ ನನ್ನ ಉಗುರು ನೋಡಿದ. ಸುಣ್ಣ ಇನ್ನೂ ಹೋಗಿರಲಿಲ್ಲ.

"ನಾನೇ," ಅಂದ.

ಕತ್ತಿ ತಲೆಗೇ ಬಂತು. ಅವನು ಎಡಗೈ ಅಡ್ಡ ಕೊಟ್ಟ. ಎರಡು ಬೆರಳು ತರಗೆಲೆಯ ಮೇಲೆ ಬಿದ್ದವು. ನೇತ್ರಾವತಿ ಕಿರುಚಿದಳು. ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು: ನಾನು ಲೆಕ್ಕಕ್ಕೆ ಹಿಡಿಯದ ಆ ಬಲಗೈ ವೀರಭದ್ರಯ್ಯನ ಮಣಿಕಟ್ಟು ತಿರುಚಿ ಕತ್ತಿ ಕಸಿಯಿತು, ಕುತ್ತಿಗೆ ಹಿಡಿದು ಸಿಲ್ವರ್ ಮರಕ್ಕೆ ಅಪ್ಪಳಿಸಿತು. ಕತ್ತಿ ಮೇಲೆದ್ದಿತು. ವೀರಭದ್ರಯ್ಯನ ಪಂಚೆ ಒದ್ದೆಯಾಯಿತು.

"ಪಾಸ್‌ಪೋರ್ಟು ರೀ, ಪಾಸ್‌ಪೋರ್ಟು!" ಅಂತ ನೇತ್ರಾವತಿ ಕೂಗಿದಳು.

ಕತ್ತಿ ಇಳಿಯಿತು, ಬಳ್ಳಿಯ ಬುಡಕ್ಕೆ. ಮತ್ತೆ ಇಳಿಯಿತು. ಬುಡ ತುಂಡಾದ ಮೇಲೂ ಕೈ ನಿಲ್ಲಲಿಲ್ಲ. ಹೇಳಿದ್ದನಲ್ಲ, ನಿಲ್ಲಿಸೋಕೆ ಬರಲ್ಲ ಅಂತ. ಬಳ್ಳಿ ಕೊಚ್ಚಿ, ತೊಗಟೆ ಸೀಳಿ, ಸುಣ್ಣದ ಗೆರೆ ಚೂರುಚೂರಾಗುವವರೆಗೆ ಹೊಡೆದ. ಕಾಲಡಿ ಕೂತ ದಾಯಾದಿಯ ತಲೆ ಮೇಲೆ ಹಸಿ ಮೆಣಸು ಉದುರುತ್ತಿತ್ತು. ನಾನು ಜೀಪಿನ ಬಾಗಿಲು ಹಿಡಿದು ನಿಂತಿದ್ದೆ.

ಸಕಲೇಶಪುರದ ಆಸ್ಪತ್ರೆಯಲ್ಲಿ, "ಕಾಡು ಸವರುವಾಗ ಕೈ ಕಡ್ಕೊಂಡೆ," ಅಂತ ಬರೆಸಿದ. ಕೇಸಾಗಲಿಲ್ಲ. ಆ ಮಳೆಗಾಲಕ್ಕೆ ಮುಂಚೆ ಗಂಡ ಹೆಂಡತಿ ಹೊರಟರು.

ಎರಡು ವರ್ಷಕ್ಕೆ ಒಂದು ಕಾಗದ ಬಂತು. ಕೋಣೆ ಒಂದೇ, ಪಾತ್ರೆ ನಾಲ್ಕಾಗಿವೆ, ಅಲ್ಲಿನ ನಾಯಿಗೆ ದವಡೆ ಸರಿಯಾಗಿದೆ, ಯಾರಾದರೂ ಕೆಮ್ಮಿದರೆ ಈಗ ತಿರುಗಿ ನೋಡುವುದಿಲ್ಲ ಎಂದು ಬರೆದಿದ್ದ. ಸುಣ್ಣದ ಮಾತೇ ಇರಲಿಲ್ಲ.

ವೀರಭದ್ರಯ್ಯ ಈಗಲೂ ನನ್ನ ಅಂಗಡಿಗೆ ಮೆಣಸು ತರುತ್ತಾನೆ, ತಮ್ಮನನ್ನು ಕಳ್ಳ ಎಂದೇ ಬೈಯುತ್ತಾನೆ. ನಾನು ತಕ್ಕಡಿ ನೋಡುತ್ತೇನೆ. ಗೆರೆ ಎಳೆದದ್ದು ನಾನು ಅಂತ ಇವತ್ತಿನವರೆಗೂ ಅವನಿಗೆ ಹೇಳಿಲ್ಲ. ಮೃತ್ಯುಂಜಯನಿಗೆ ನಾನು ಎರಡು ಬೆರಳು ಮತ್ತು "ನಾನೇ" ಅನ್ನುವ ಆ ಒಂದು ಮಾತು ಬಾಕಿ ಉಳಿಸಿಕೊಂಡಿದ್ದೇನೆ.