ಒಂದು ಕೂಗಳತೆ

ದೆವ್ವ, ಗಾಳಿ, ಸತ್ತವರ ಧ್ವನಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದುಹೋಗುತ್ತಿದ್ದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವನು ನಾನು. ಕೇಳಿದ್ದು ಯಾರು, ಎಷ್ಟು ಹೊತ್ತಿಗೆ, ಎಷ್ಟು ದೂರದಿಂದ ಎಂದು ವಿಚಾರಿಸಿದರೆ ಅಂಥ ಕಥೆಗಳು ಮೂರನೆಯ ಪ್ರಶ್ನೆಯವರೆಗೂ ನಿಲ್ಲುತ್ತಿರಲಿಲ್ಲ. ಈಗ ಅದೇ ಪ್ರಶ್ನೆಗಳನ್ನು ನನಗೆ ನಾನೇ ಹಾಕಿಕೊಂಡು ನೋಡಿದ್ದೇನೆ. ಮೂರಕ್ಕೂ ನನ್ನ ಬಳಿ ಉತ್ತರವಿದೆ. ಕಷ್ಟವಾಗಿರುವುದೇ ಅದರಿಂದ.

ನಿವೃತ್ತನಾದ ಮೇಲೆ ನಾವು ನಾಲ್ಕು ಜನ ಮೇಷ್ಟ್ರುಗಳು ಸೇರಿ ನಮ್ಮ ಜಿಲ್ಲೆಯ ಬಗ್ಗೆ ಒಂದು ಪುಸ್ತಕ ಮಾಡಲು ಹೊರಟೆವು. ಸಕಲೇಶಪುರ ಮತ್ತು ಆಲೂರಿನ ಸೀಮೆ ನನ್ನ ಪಾಲಿಗೆ ಬಂತು. ಊರುಗಳ ಹೆಸರು, ಹಳ್ಳಗಳು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತವೆ, ಯಾರು ಎಲ್ಲಿಂದ ಬಂದು ನೆಲೆಸಿದರು, ಇವನ್ನೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದೆ. ಆಲೂರಿನ ಬಯಲಿನಲ್ಲಿ ದೂರ ಕೇಳಿದರೆ ಜನ ಕಿಲೋಮೀಟರಿನಲ್ಲಿ ಹೇಳುತ್ತಿದ್ದರು. ಘಾಟಿನ ಅಂಚಿಗೆ ಹೋದಂತೆ ಹಳೆಯ ಲೆಕ್ಕ ಬರುತ್ತಿತ್ತು. ಆ ಮನೆ ಒಂದು ಕೂಗಳತೆ, ಈ ಮನೆ ಎರಡು ಕೂಗಳತೆ. ಒಂದು ಕೂಗಳತೆ ಎಂದರೆ ಎಷ್ಟು ಮೀಟರು ಎಂದು ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕೆಂಬ ಆಸೆ ನನಗೆ ಹುಟ್ಟಿತು. ಆಗಿದ್ದೆಲ್ಲ ಆ ಒಂದು ಸಾಲಿಗಾಗಿ.

ನನ್ನನ್ನು ಸುತ್ತಾಡಿಸುತ್ತಿದ್ದವನು ಆನೇಮಹಲಿನ ರಫೀಕ್. ಐವತ್ತು ದಾಟಿದವನು, ಸ್ವಂತ ಜೀಪು. ಎಸ್ಟೇಟುಗಳಿಗೆ ಆಳುಗಳನ್ನು ಬಿಡುವುದು, ಮೂಟೆ ಸಾಗಿಸುವುದು ಅವನ ಕೆಲಸ. ಇದು ನಡೆದ ದಿನ ಹೆಗ್ಗದ್ದೆಯ ಕಡೆ ಅವನಿಗೇ ಒಂದು ಕೆಲಸವಿತ್ತು. ಪುಷ್ಪಮ್ಮ ಎಂಬವರು ತೋಟದ ನಡುವೆ ಒಬ್ಬರೇ ಇದ್ದರು. ಅವರನ್ನು ಬೆಳಗೋಡಿಗೆ ಕರೆಸಿಕೊಳ್ಳಲು ಅವರ ತಮ್ಮ ಮೂರು ವರ್ಷದಿಂದ ಗೋಗರೆದು, ಕೊನೆಗೂ ಒಪ್ಪಿಸಿದ್ದ. ಸಾಮಾನು ಸಾಗಿಸಲು ಯಾವ ದಿನ ಜೀಪು ತರಬೇಕೆಂದು ರಫೀಕ್ ಕೇಳಿಕೊಂಡು ಬರಬೇಕಿತ್ತು.

ಕಾಫಿ ಕೊಯ್ಲಿನ ದಿನಗಳು. ಆಕಾಶ ತಿಳಿಯಾಗಿತ್ತು. ಮಧ್ಯಾಹ್ನ ಮೂರಕ್ಕೆ ರಫೀಕನ ಮೊಬೈಲಿಗೆ ಅರಣ್ಯ ಇಲಾಖೆಯಿಂದ ಆನೆ ಓಡಾಟದ ಸಂದೇಶ ಬಂತು. ಸುತ್ತಲಿನ ತೋಟಗಳಲ್ಲಿ ಕೊಯ್ಯುತ್ತಿದ್ದವರನ್ನು ನಾಲ್ಕಕ್ಕೇ ಅವರ ಲೈನು ಮನೆಗಳಿಗೆ ಕಳಿಸಿಬಿಟ್ಟಿದ್ದರು. ಅವರೆಲ್ಲ ಹೋಗುವುದನ್ನು ದಾರಿಯಲ್ಲಿ ನಾವೇ ನೋಡಿದೆವು.

ಜೀಪಿನ ದಾರಿ ಗುಡ್ಡದ ನೆತ್ತಿಯಲ್ಲಿ ಮುಗಿಯಿತು. ಅಲ್ಲಿಂದ ಕಾಲುದಾರಿ ಕಾಫಿಯೊಳಗೆ ಇಳಿದು ಎದುರಿನ ದಿಣ್ಣೆಗೆ ಹತ್ತುತ್ತದೆ. ದಿಣ್ಣೆಯ ಮೇಲೆ ಒಂದು ಹೆಂಚಿನ ಮನೆ, ಮುಂದೆ ಗುಡಿಸಿದ ಅಂಗಳ. "ಅದೇ ಸಾರ್ ಅಕ್ಕನ ಮನೆ. ನಿಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಕೂಗಳತೆ" ಎಂದು ರಫೀಕ್ ನಕ್ಕು, ಆಕೆಯ ತಮ್ಮನಿಗೆ ಫೋನ್ ಮಾಡಲು ಸಿಗ್ನಲ್ ಹುಡುಕುತ್ತ ಬಂದ ದಾರಿಯಲ್ಲೇ ಹಿಂದಕ್ಕೆ ಹೋದ.

ನಾನು ಗಡಿಯಾರ ನೋಡಿಕೊಂಡೆ. ಐದು ಇಪ್ಪತ್ತು. ಬಾಯಿಗೆ ಕೈ ಅಡ್ಡ ಹಿಡಿದು ಒಂದು ಸಲ, ಉದ್ದಕ್ಕೆ, ಕೂ ಎಂದು ಕೂಗಿದೆ.

ಉತ್ತರ ಬರಲಿಲ್ಲ. ಸುಮಾರು ಒಂದು ನಿಮಿಷದ ನಂತರ ಹೆಂಗಸೊಬ್ಬರು ಅಂಗಳಕ್ಕೆ ಬಂದರು. ಎಡಕ್ಕೆ ತಿರುಗಿ ನೋಡಿದರು, ಬಲಕ್ಕೆ ನೋಡಿದರು, ಅಂಗಳದ ತುದಿಗೆ ಬಂದು ಕಾಲುದಾರಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಕೂಗಿದರು. ನನಗೆ ಖುಷಿಯಾಯಿತು. ನೋಟುಪುಸ್ತಕ ತೆಗೆದು ಬರೆಯತೊಡಗಿದೆ.

ಆಗ ಇನ್ನೊಂದು ಕೂಗು ಕೇಳಿತು. ನಾನು ನಿಂತ ಜಾಗದಿಂದ ಇಪ್ಪತ್ತು ಹೆಜ್ಜೆ ಕೆಳಗೆ, ಕಾಲುದಾರಿಯ ಮೇಲೇ. ಗಂಡಸಿನ ದನಿ. ಚಿಕ್ಕ ಕೂಗು, ದಿನವಿಡೀ ದುಡಿದು ಬಂದವನ ಹಾಗೆ, ಏನೂ ಅವಸರವಿಲ್ಲದ್ದು. ಯಾರೋ ಆಳು ಹಿಂದೆ ಉಳಿದಿದ್ದಾನೆ ಎಂದುಕೊಂಡು ತಲೆ ಎತ್ತಿದೆ. ದಾರಿ ಅಲ್ಲಿ ನೇರವಾಗಿದೆ, ಪೂರ್ತಿ ಕಾಣುತ್ತದೆ. ಯಾರೂ ಇರಲಿಲ್ಲ. ಕಾಫಿ ಗಿಡದ ಒಂದು ರೆಂಬೆಯೂ ಅಲುಗಲಿಲ್ಲ.

ಗುಡ್ಡದ ಮಾರ್ದನಿ ಎನ್ನಬಹುದು. ನಾನೂ ಮೊದಲು ಹಾಗೆಯೇ ಎಂದುಕೊಂಡೆ. ಆದರೆ ನನ್ನ ಕೂಗಿನ ಮಾರ್ದನಿ ಒಂದು ನಿಮಿಷ ಕಾದು, ಹೆಂಗಸಿನ ಕೂಗು ಮುಗಿದ ಮೇಲೆ ಬರುವುದಿಲ್ಲ. ಉದ್ದಕ್ಕೆ ಕೂಗಿದ್ದು ಗಿಡ್ಡವಾಗಿಯೂ ಬರುವುದಿಲ್ಲ. ಇದನ್ನು ನಾನೇ ಮಕ್ಕಳಿಗೆ ಕಲಿಸಿದವನು.

ರಫೀಕ್ ಬಿರಬಿರನೆ ಬಂದ. ಮುಖದಲ್ಲಿ ಸಿಟ್ಟಿತ್ತು. "ಎಂಥ ಕೆಲ್ಸ ಮಾಡಿದ್ರಿ ಸಾರ್. ಒಂದ್ಸಲ ಕೂಗಿದ್ದು ಸಾಲ್ದು ಅಂತ ಎರಡನೇ ಸಲಾನೂ ಕೂಗಿದ್ರಲ್ಲ. ಇಲ್ಲಿ ಹಂಗೆಲ್ಲ ಆಟಕ್ಕೆ ಕೂಗೋ ಹಂಗಿಲ್ಲ."

ಎರಡನೆಯದು ಅವನಿಗೂ ಕೇಳಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಆ ಕಡೆಯ ಕಟ್ಟಳೆ ಹೇಳಿದ. ಕೆಲಸ ಮುಗಿಸಿ ಬಂದವನು ನೆತ್ತಿಯಲ್ಲಿ ನಿಂತು ಒಂದು ಕೂಗು ಹಾಕುತ್ತಾನೆ. ಮನೆಯವರು ಅಂಗಳಕ್ಕೆ ಬಂದು ದಾರಿ ನೋಡಿ, ಆನೆ ಇಲ್ಲದಿದ್ದರೆ ಮಾತ್ರ ತಿರುಗಿ ಕೂಗುತ್ತಾರೆ. ಕೂಗದಿದ್ದರೆ ಇಳಿಯಬಾರದು. ಕೂಗಿದರೆ ಇವನು ಒಂದು ಗಿಡ್ಡ ಕೂಗು ಹಾಕುತ್ತಾನೆ. ಕೇಳಿಸಿತು, ಬರುತ್ತಿದ್ದೇನೆ ಎಂದು ಅರ್ಥ.

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಪುಷ್ಪಮ್ಮನ ಗಂಡ ಇಲ್ಲಿಂದಲೇ ಕೂಗಿದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಆಕೆ ಹೊರಗೆ ಬಂದು ನೋಡದೆ, ಒಳಗಿನಿಂದಲೇ ಕೂಗಿಬಿಟ್ಟರು. ಆತ ಗಿಡ್ಡ ಕೂಗು ಹಾಕಿ ಇಳಿದರು. ಒಂಟಿ ಆನೆ ಕಾಫಿಯೊಳಗೆ ದಾರಿ ಪಕ್ಕದಲ್ಲೇ ನಿಂತಿತ್ತು.

ನಾವು ಇಳಿದು ಹೋದೆವು. ದನಿ ಬಂದ ಜಾಗದಲ್ಲಿ ನಾನು ನಿಂತು ನೋಡಿದೆ. ಒಣ ಎಲೆ, ಅಷ್ಟೆ. ಹೆಜ್ಜೆ ಗುರುತಿಸುವುದರಲ್ಲಿ ನಾನು ಪಳಗಿದವನಲ್ಲ ಎಂಬುದನ್ನೂ ಹೇಳಬೇಕು.

ಪುಷ್ಪಮ್ಮ ಅಂಗಳದಲ್ಲೇ ನಿಂತಿದ್ದರು. ನಲವತ್ತೈದರ ಆಸುಪಾಸು, ತೆಳ್ಳಗೆ. ಮೆಟ್ಟಿಲ ಮೇಲೆ ಒಂದು ಚೊಂಬು ನೀರಿತ್ತು, ಅದರಿಂದ ಹಬೆ ಏಳುತ್ತಿತ್ತು. ಕಾಲು ತೊಳೆಯಲು ಬಿಸಿನೀರು. ರಫೀಕ್ ನನ್ನ ಪರಿಚಯ ಹೇಳಿ, ಮೇಷ್ಟ್ರು ದೂರ ಅಳೆಯಲು ಕೂಗಿದರು, ತಪ್ಪು ತಿಳಿಯಬೇಡಿ ಎಂದ. ಆಕೆ ಅವನತ್ತ ನೋಡಲಿಲ್ಲ.

"ನಾನು ಈ ಸಲ ನೋಡೇ ಕೂಗ್ದೆ ಮೇಷ್ಟ್ರೇ" ಎಂದರು. "ಎಲ್ಲಾ ಕಡೆ ನೋಡ್ದೆ." ಆಮೇಲೆ ಕೇಳಿದರು: "ಮೊದಲ್ನೇದು ನೀವೇ. ಗೊತ್ತಾಯ್ತು. ಎರಡನೇದೂ ನೀವೇನಾ?"

ನನ್ನ ತಲೆಯಲ್ಲಿ ಆಗ ಓಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅಲ್ಲ ಎಂದರೆ ಈಕೆ ಈ ಮನೆ ಬಿಡುವುದಿಲ್ಲ. ನಾಳೆ, ನಾಡಿದ್ದು, ಪ್ರತಿ ಸಂಜೆ ಇದೇ ಅಂಗಳದಲ್ಲಿ ಕಾಯುತ್ತಾರೆ. ಸುತ್ತ ಆನೆ ಇದೆ. ಹೌದು ಎಂದರೆ ಹೊರಡುತ್ತಾರೆ. ಆದರೆ ನಾಲ್ಕು ವರ್ಷದಿಂದ ಕಾದಿದ್ದು ಈಗ ಬಂದಿದೆ, ಅದನ್ನು ನಾನು ಕಿತ್ತುಕೊಂಡ ಹಾಗಾಗುತ್ತದೆ.

"ಹೌದು ಕಣಮ್ಮ. ಎರಡೂ ನಾನೇ" ಎಂದೆ.

ಆಕೆ ನನ್ನ ಮುಖ ನೋಡಿದರು. ಆಮೇಲೆ ಚೊಂಬನ್ನು ಎತ್ತಿ, ನೀರನ್ನು ಅಂಗಳದ ಅಂಚಿನಲ್ಲಿ ನಿಧಾನವಾಗಿ ಚೆಲ್ಲಿದರು. "ಹಂಗಾದ್ರೆ ಸರಿ ಬಿಡಿ. ಭಾನ್ವಾರ ಜೀಪ್ ತಗಂಬಾ ರಫೀಕಣ್ಣ" ಎಂದರು.

ಹಿಂದಿರುಗುವಾಗ ರಫೀಕನಿಗೆ ನಿಜ ಹೇಳಿದೆ. ನಾನು ತಮಾಷೆಗೆ ಹೇಳುವವನಲ್ಲ ಎಂದು ಅವನಿಗೆ ಗೊತ್ತು. ಆನೇಮಹಲ್ ಬಂದು ನಾನು ಇಳಿಯುವಾಗ, "ಅಕ್ಕಂಗೆ ಮಾತ್ರ ಹೇಳ್ಬೇಡಿ ಸಾರ್. ಮತ್ತೆ ಅಲ್ಲೇ ಹೋಗಿ ಕೂತ್ಕಂಬುಡ್ತಾರೆ" ಎಂದ.

ಆ ವರ್ಷ ಹಲಸು ಹಣ್ಣಾಗುವ ಹೊತ್ತಿಗೆ ಆನೆಗಳು ಆ ಮನೆಯ ಹಿತ್ತಲಿನ ಮರಕ್ಕೆ ಬಂದು ಹಿಂಬದಿಯ ಗೋಡೆ ಕೆಡವಿದವು. ಆಕೆ ಮಲಗುತ್ತಿದ್ದುದು ಆ ಗೋಡೆಯ ಪಕ್ಕದಲ್ಲೇ ಎಂದು ರಫೀಕ್ ಹೇಳಿದ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಬೆಳಗೋಡಿಗೆ ನಾನು ಎರಡು ಸಲ ಹೋದೆ, ಹೇಳಿಬಿಡೋಣವೆಂದು. ಎರಡು ಸಲವೂ ಕಾಫಿ ಕುಡಿದು ಬಂದೆ. ಪುಷ್ಪಮ್ಮ ತಮ್ಮನ ಗದ್ದೆ ಕೆಲಸ ನೋಡಿಕೊಂಡು ಆರೋಗ್ಯವಾಗಿದ್ದಾರೆ. ಸಂಜೆಯಾದರೆ ರಸ್ತೆಗೆ ಬಂದು ನಿಲ್ಲುತ್ತಾರೆ ಎಂದು ತಮ್ಮನ ಹೆಂಡತಿ ಮೆಲ್ಲಗೆ ಹೇಳಿದಳು. ಅದು ಆಕೆಗೂ ಕೇಳಿಸಿತು. "ನಿಂತ್ಕಂಡು ಏನ್ಮಾಡದು ಮೇಷ್ಟ್ರೇ, ಇಲ್ಲಿ ಕೂಗಿದ್ರೆ ಬಸ್ ನಿಲ್ಸೋಕೆ ಅಂದ್ಕತಾರೆ" ಎಂದು ನಕ್ಕರು.

ಪುಸ್ತಕ ಅಚ್ಚಾಗಿದೆ. ಒಂದು ಕೂಗಳತೆ ಎಂದರೆ ಸುಮಾರು ನಾನೂರು ಮೀಟರು ಎಂಬ ಸಾಲು ಅದರಲ್ಲಿದೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂಗಿದವರು ಯಾರು ಎಂಬುದು ನನಗೆ ಇಂದಿಗೂ ತಿಳಿಯದು. ಇಂಥವರು ಎಂದು ಹೇಳುವ ಧೈರ್ಯವಿಲ್ಲ, ಯಾರೂ ಇಲ್ಲ ಎಂದು ಹೇಳಲೂ ಆಗುವುದಿಲ್ಲ.

ಪುಷ್ಪಮ್ಮನಿಗೆ ಓದಲು ಬರುತ್ತದೆ. ಇದನ್ನು ಬರೆಯಲು ಇಷ್ಟು ತಡವಾಗಿದ್ದು ಅದಕ್ಕೇ. ಆದರೆ ಗೋಡೆ ಬಿದ್ದ ಆ ಮನೆ ಮಳೆಗೆ ಕುಸಿದುಹೋಗಿದೆ, ಹಿಂದಿರುಗಿ ಹೋಗಲು ಈಗ ಅಲ್ಲಿ ಮನೆಯಿಲ್ಲ. ಕಾಲುದಾರಿಯೂ ಮುಚ್ಚಿಹೋಗಿದೆಯಂತೆ. ಇನ್ನು ಹೇಳಬಹುದು.

ಆ ದಿನ ನಾನು ಕೂಗಿದ್ದು ಒಂದೇ ಸಲ ಕಣಮ್ಮ.