ಅವ್ವನ ಸೊಂಟಕ್ಕೆ ಕಟ್ಟಿದ ಕೂಸು

ಇವತ್ತು ಮೊಮ್ಮಗಳು ತನ್ನ ಮಗುವನ್ನು ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಅದಕ್ಕೆ ತಿನ್ನಿಸುತ್ತ, ತಾನು ಆರಿಹೋದ ಉಪ್ಪಿಟ್ಟನ್ನು ನಿಂತೇ ತಿನ್ನುತ್ತಿದ್ದಳು. ಆ ದಣಿದ ಮುಖ ನೋಡಿ ನನ್ನಜ್ಜಿ ನೆನಪಾದಳು. ಚಿಕ್ಕಂದಿನಲ್ಲಿ ನಾನು ಕಾಲೊತ್ತುವಾಗ ಅವಳು ತನ್ನ ಬಾಲ್ಯ ಹೇಳುತ್ತಿದ್ದಳು.

ಮೊಳಕಾಲ್ಮೂರಿನ ಮನೆಯಲ್ಲಿ ಅಜ್ಜಿಯ ಅವ್ವ ದಿನವಿಡೀ ಸೀರೆ ನೇಯುತ್ತಿದ್ದಳಂತೆ. ಆಗಿನ್ನೂ ಕೂಸಾಗಿದ್ದ ಅಜ್ಜಿಯನ್ನು ಬಿದಿರು ಪುಟ್ಟಿಯಲ್ಲಿ ಕೂರಿಸಿ, ಸುತ್ತ ಹಳೇ ಬಟ್ಟೆ ತುರುಕಿ, ಆಡಲು ಮಗ್ಗದ ಮುರುಕು ಲಾಳಿ ಕೊಡುತ್ತಿದ್ದಳು. ಕೂಸಿನ ನಡುವಿಗೊಂದು ಬಟ್ಟೆ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವ್ವ ಮಗ್ಗದಲ್ಲೇ ತೂಕಡಿಸಿದಳು. ಕೂಸು ಪುಟ್ಟಿ ಉರುಳಿಸಿಕೊಂಡು, ಗಂಜಿ ಕುದಿಯುತ್ತಿದ್ದ ಒಲೆಯತ್ತ ಅಂಬೆಗಾಲಿಟ್ಟಿತು. ಬಟ್ಟೆ ಜಗ್ಗಿ ಅವ್ವನಿಗೆ ಎಚ್ಚರವಾಯಿತು. ಥಟ್ಟನೆ ಎದ್ದು ಕೂಸನ್ನು ಎದೆಗವುಚಿಕೊಂಡಳು.

"ಸೀರೆ ಇನ್ನೂ ಬಾಕಿ ಐತಲ್ಲೇ," ಎಂದ ಅಜ್ಜಿಯ ಅಪ್ಪ.

"ಇವತ್ತು ನನ್ ಕೈಲಿ ಆಗಲ್ರೀ. ಕೂಸು ಉಳೀತು, ಅಷ್ಟೇ ಸಾಕು," ಎಂದ ಅವ್ವ ಅಲ್ಲೇ ನೆಲದ ಮೇಲೆ ಕೂಸಿನೊಂದಿಗೆ ಮಲಗಿಬಿಟ್ಟಳು. ಅವಳನ್ನೇ ನೋಡುತ್ತ ನಿಂತಿದ್ದ ಅಪ್ಪ, ಹೋಗಿ ಮಗ್ಗದಲ್ಲಿ ಕುಳಿತನಂತೆ. ಆಮೇಲೆ ಎಷ್ಟೋ ಮಧ್ಯಾಹ್ನ ಅವನೇ ಕುಳಿತನಂತೆ.

ನಾನೆದ್ದು ಮೊಮ್ಮಗಳ ಕೈಯಿಂದ ಮಗುವಿನ ಚಮಚ ತೆಗೆದುಕೊಂಡೆ.

"ಹೋಗವ್ವ, ಒಂದ್ ಗಳಿಗೆ ಮಲಕ್ಕೋ. ನಾನ್ ಇರ್ತೀನಿ."

ತಟ್ಟೆ ಅಲ್ಲೇ ಬಿಟ್ಟು ಹೋದಳು.